ನನ್ನ ರಾಡ್ ಮುಟ್ಟಬೇಡಿ

ಅವನನ್ನು ಮೊದಲ ಸಲ ನೋಡಿದ ದಿನ ನನಗೆ ಬಂದದ್ದು ಪ್ರೀತಿಯಲ್ಲ, ಕೋಪ. ಮೂರು ಮಳೆಗಾಲದ ಹಿಂದಿನ ಮಾತು. ಜೆಟ್ಟಿಯ ಕಲ್ಲುಗಳು ಪಾಚಿ ಕಟ್ಟಿ ಜಾರುತ್ತಿದ್ದವು. ನಾನು ಬೋಟ್ ಹತ್ತಲು ಒದ್ದಾಡುತ್ತಿದ್ದರೆ ಅವನು ಸ್ಟೀರಿಂಗ್ ಹಿಡಿದು ಸುಮ್ಮನೆ ನೋಡುತ್ತಿದ್ದ.

“ಒಂದು ಕೈ ಚಾಚಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅಂದೆ.

“ಕೇಳಿದ್ದಿದ್ರೆ ಚಾಚ್ತಿದ್ದೆ ಮೇಡಂ. ಕೆಲವರಿಗೆ ಕೇಳದೇ ಹಿಡಿದ್ರೆ ಸಿಟ್ಟು ಬರುತ್ತೆ.”

“ನನ್ನನ್ನ ನೋಡಿದ್ರೆ ಹಾಗನ್ಸುತ್ತಾ?”

“ಹೂಂ.”

ಅಷ್ಟೇ. ಆಮೇಲೆ ಇಡೀ ದಿನ ನಾನು ನೀರಿನ ಕಡೆ ತಿರುಗಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ. ನಾನು ಥಟ್ಟನೆ ತಿರುಗಿದರೆ ಇಂಜಿನ್ ಮೇಲೆ ಇಲ್ಲದ ಕೊಳೆಯನ್ನು ಒರೆಸುತ್ತಿದ್ದ. ಮನೆಗೆ ಹೋದ ಮೇಲೂ ಆ ಒರೆಸುವಿಕೆ ನೆನಪಾಗಿ ನಗು ಬಂತು. ಹಾಗೆ ಶುರುವಾಯಿತು ನನ್ನ ಕಥೆ.

ನಾನು ಆಪರೇಷನ್ ಥಿಯೇಟರ್‌ನಲ್ಲಿ ಹತ್ತು ವರ್ಷದಿಂದ ನರ್ಸ್. ಡಾಕ್ಟರು ಕೈ ಚಾಚಿದಾಗ ಕತ್ತರಿ, ಸೂಜಿ, ಬೇಕಾದ್ದನ್ನು ಅವರ ಕೈಗಿಡುವುದು ನನ್ನ ಕೆಲಸ. ಮನೆಗೆ ಬಂದರೆ ಅಣ್ಣನ ಆಡಳಿತ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ, ಆದ್ದರಿಂದ ನನ್ನ ತಲೆಯೊಳಗಿನ ತೀರ್ಮಾನಗಳೂ ತನ್ನವೇ ಅಂದುಕೊಂಡಿದ್ದಾನೆ. ಅವನು ಮೀನು ಹಿಡಿಯುವವರ ಕ್ಲಬ್‌ನ ಸೆಕ್ರೆಟರಿ. ಮಳೆಗಾಲದಲ್ಲಿ ಹೊರಗಿನ ಸಮುದ್ರ ಹುಚ್ಚೆದ್ದಿರುತ್ತದೆ, ಹಾಗಾಗಿ ಕ್ಲಬ್‌ನ ಸ್ಪರ್ಧೆ ನಡೆಯುವುದು ನದಿ ಬಂದು ಸೇರುವ ಅಳಿವೆಯೊಳಗೆ. ಹಿಡಿದ ಮೀನನ್ನು ಅಳೆದು, ಫೋಟೋ ತೆಗೆದು, ಜೀವಂತ ಬಿಟ್ಟುಬಿಡಬೇಕು. ಇನ್ನೊಂದು ರೂಲ್ ಇದೆ. ಮೀನು ಗಾಳ ಕಚ್ಚಿದ ಕ್ಷಣದಿಂದ ಬಲೆಗೆ ಬರುವವರೆಗೆ ರಾಡ್, ಅಂದರೆ ಗಾಳದ ಕೋಲಿನ ಮೇಲೆ ಒಬ್ಬರದೇ ಕೈ. ಬೇರೆಯವರ ಬೆರಳು ತಾಗಿದರೂ ಆ ಮೀನು ಲೆಕ್ಕಕ್ಕಿಲ್ಲ.

ಆ ರೂಲ್‌ಗಾಗಿಯೇ ನಾನು ಈ ಹುಚ್ಚು ಹಚ್ಚಿಕೊಂಡೆ ಅಂದರೆ ಸುಳ್ಳಲ್ಲ. ಉಳಿದದ್ದು ಬೋಟಿನವನಿಗಾಗಿ.

ಈ ಸಲದ ಸ್ಪರ್ಧೆಗೆ ಅಣ್ಣ ಒಬ್ಬ ಇಂಜಿನಿಯರನ್ನು ಬೋಟಿಗೆ ಕರೆತಂದಿದ್ದ. “ಒಳ್ಳೆ ಹುಡುಗ. ಇವತ್ತು ಮಾತಾಡ್ಸು. ಸಾಯಂಕಾಲ ಅವರ ಮನೆಗೆ ಹೂಂ ಅಂತ ಹೇಳ್ಬೇಕು.”

“ಹೂಂ ಅಂತಲೇ ಹೇಳ್ಬೇಕಾ?”

“ಮತ್ತೇನು, ನಿಂಗೆ ಮೂವತ್ತೆರಡು ಕಣೇ!”

ಬೋಟಿನವನಿಗೆ ಇದು ಕೇಳಿಸಿತು. ಅವನು ಲಂಗರಿನ ಹಗ್ಗವನ್ನು ಎರಡು ಸಲ ಸುತ್ತಿ, ಎರಡು ಸಲ ಬಿಚ್ಚಿದ. ಏನಾದರೂ ಹೇಳು ಮಾರಾಯ ಅಂತ ಮನಸ್ಸಿನಲ್ಲೇ ಬೈದೆ. ಅವನು ಮೂರನೇ ಸಲ ಸುತ್ತತೊಡಗಿದ.

ನದಿಯ ಕೆಂಪು ನೀರು ಸಮುದ್ರದ ಹಸಿರಿಗೆ ತಾಗುವ ಜಾಗದಲ್ಲಿ ಮೀನು ಕಚ್ಚಿತು. ರೀಲ್ ಕಿರುಚಿತು, ರಾಡ್ ಬಿಲ್ಲಿನ ಹಾಗೆ ಬಾಗಿತು. ಮಳೆ ಮುಖಕ್ಕೆ ರಾಚುತ್ತಿತ್ತು.

“ಎಡಕ್ಕೆ ಓಡ್ತಿದೆ, ದಾರ ಬಿಡಿ,” ಅಂದ ಅವನು, ಬೋಟಿನ ಮೂತಿಯನ್ನು ಮೀನಿನ ಹಿಂದೆಯೇ ತಿರುಗಿಸುತ್ತಾ. “ಬಿಡಿ, ಇನ್ನೂ ಬಿಡಿ. ಹಾಂ, ಈಗ ಸುತ್ತಿ.”

ಅರ್ಧ ಗಂಟೆ. ತೋಳು ಕಳಚಿ ಬೀಳುತ್ತದೆ ಅನ್ನಿಸಿತು. ದಾರ ಕುಯ್ದು ಅಂಗೈಯಲ್ಲಿ ರಕ್ತ ಬಂತು.

“ನೋಡ್ತಾ ನಿಂತಿದ್ದೀಯಲ್ಲೋ, ರಾಡ್ ಈಸ್ಕೊಳ್ಳೋ!” ಅಂತ ಅಣ್ಣ ಬೋಟಿನವನ ಮೇಲೆ ರೇಗಿದ.

“ಅವರು ಕೇಳಿಲ್ಲ ಸರ್.”

ಆ ಮಾತಿಗೆ ನನ್ನ ತೋಳಿಗೆ ಎಲ್ಲಿಂದಲೋ ಬಲ ಬಂತು. ಬೆಳ್ಳಿ ಬಣ್ಣದ ಆ ದೈತ್ಯ ಮೈ ಹೊರಳಿಸಿ ಮೇಲೆ ಬಂತು. ಇನ್ನು ಹತ್ತೇ ಸುತ್ತು.

“ಬಿಡಿ, ನಿಮ್ಮ ಕೈಲಾಗಲ್ಲ,” ಅಂತ ಇಂಜಿನಿಯರ್ ಎದ್ದು ಬಂದು ನನ್ನ ಕೈಯಿಂದ ರಾಡ್ ಕಿತ್ತುಕೊಂಡ.

“ಮುಟ್ಟಬೇಡಿ!” ಅಂತ ಕೂಗಿದೆ. ಅಷ್ಟರಲ್ಲಿ ಮುಗಿದಿತ್ತು. ಅವನು ಹತ್ತು ಸುತ್ತು ಸುತ್ತಿ, ಅಣ್ಣ ಬಲೆ ಹಿಡಿದು, ಇಬ್ಬರೂ ಶಹಭಾಸ್ ಅಂದುಕೊಂಡರು. ಇಂಜಿನಿಯರ್ ಕೆಟ್ಟವನಲ್ಲ. ಗಾಯಕ್ಕೆ ತನ್ನದೇ ಕರ್ಚೀಫ್ ಕೊಟ್ಟ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಅಳೆದರು. ನನ್ನ ಎದೆಮಟ್ಟದಷ್ಟು ಉದ್ದ. ಕ್ಲಬ್‌ನಲ್ಲಿ ಯಾರೂ ಹಿಡಿಯದಂಥ ಮೀನು. ಅದನ್ನು ನೀರಿಗೆ ಬಿಟ್ಟ ಮೇಲೆ ಅಣ್ಣ ಸ್ಪರ್ಧೆಯ ಸ್ಲಿಪ್ ತೆಗೆದು ಬೋಟಿನವನ ಮುಂದಿಟ್ಟ. ಬೇರೆಯವರ ಕೈ ತಾಗಿದೆಯೇ ಅನ್ನುವ ಪ್ರಶ್ನೆಗೆ ಉತ್ತರ ಬರೆದು ಸಾಕ್ಷಿಯಾಗಿ ಸಹಿ ಹಾಕಬೇಕಾದವನು ಅವನೇ.

“ಇಲ್ಲ ಅಂತ ಬರಿ. ಇರೋದು ನಾಲ್ಕೇ ಜನ, ಯಾರಿಗೆ ಗೊತ್ತಾಗುತ್ತೆ?” ಅಂದ ಅಣ್ಣ. “ಮುಂದಿನ ವರ್ಷ ಯಾರ ಬೋಟ್ ತಗೋಬೇಕು ಅಂತ ಹೇಳೋನು ನಾನೇ, ನೆನಪಿರ್ಲಿ.”

ಅವನು ಒಂದು ಕ್ಷಣವೂ ತಡೆಯದೆ ‘ಹೌದು’ ಅಂತ ಬರೆದ. ಬರೆದ ಮೇಲೆ ನನ್ನ ಕಡೆ ನೋಡಿದ. ಮೂರು ಮಳೆಗಾಲದಲ್ಲಿ ಮೊದಲ ಸಲ ಕದ್ದು ನೋಡಲಿಲ್ಲ, ನೇರವಾಗಿ ನೋಡಿದ. ರೆಪ್ಪೆಯಿಂದ ಮಳೆನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನನ್ನ ಗೆಲುವನ್ನು ತಾನೇ ಹೊಡೆದುಹಾಕಿದೆ ಅನ್ನುವ ಭಯ ಆ ಕಣ್ಣಲ್ಲಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ.

“ನಗ್ತೀಯಲ್ಲೇ! ಕ್ಲಬ್ ಬೋರ್ಡ್ ಮೇಲೆ ನಿನ್ನ ಹೆಸರು ಬರ್ತಿತ್ತು. ಇವನಿಂದ ಹಾಳಾಯ್ತು,” ಅಂದ ಅಣ್ಣ.

“ಇವರಿಂದ ಅಲ್ಲ ಅಣ್ಣ.”

ಜೆಟ್ಟಿಗೆ ಬಂದ ಮೇಲೆ ಅಣ್ಣ, ಇಂಜಿನಿಯರ್ ಇಬ್ಬರೂ ಕಾರಿನ ಕಡೆ ಓಡಿದರು. ನಾನು ಬೋಟಿನಿಂದ ಇಳಿಯಲಿಲ್ಲ.

“ಕೋಪ ಬಂದಿದ್ಯಾ?” ಅಂತ ಕೇಳಿದ ಅವನು.

“ಬಂದಿದೆ, ಸ್ಲಿಪ್‌ಗಲ್ಲ. ಇನ್ನೊಬ್ಬರು ನನ್ನ ಜೀವನಕ್ಕೆ ಹೂಂ ಹೇಳೋದನ್ನ ಕೇಳ್ಕೊಂಡು ಹಗ್ಗ ಸುತ್ತುತ್ತಾ ಕೂತಿದ್ರಲ್ಲ, ಅದಕ್ಕೆ.”

“ನಾನು ಹೇಳಿದ್ರೆ ನಿಮ್ಮನ್ನ ಎಳೆದಾಡೋ ಕೈ ಇನ್ನೊಂದು ಜಾಸ್ತಿ ಆಗುತ್ತೆ ಅನ್ಕೊಂಡೆ.”

“ಎಳೆಯೋದು ಬೇರೆ, ಹೇಳೋದು ಬೇರೆ. ಅಷ್ಟೂ ಗೊತ್ತಾಗಲ್ವಾ? ಕಡ್ಡಿ ಮುರಿದ ಹಾಗೆ ಹೇಳಿ.”

ಅವನು ಟೋಪಿ ತೆಗೆದ. “ನೀವಂದ್ರೆ ನಂಗೆ ಪ್ರಾಣ. ಮೊದಲ ದಿನ ಬೈದ್ರಲ್ಲ, ಆವತ್ತಿಂದ. ಮಳೆಗಾಲ ಯಾವಾಗ ಬರುತ್ತೆ ಅಂತ ವರ್ಷ ಪೂರ್ತಿ ಕಾಯ್ತೀನಿ.”

ನನ್ನ ಎದೆ ಹಾರಿಹೋಗುವಷ್ಟು ಹೊಡೆದುಕೊಂಡಿತು. ನರ್ಸ್ ಆಗಿ ಹೇಳುತ್ತೇನೆ, ಅದು ಆರೋಗ್ಯಕ್ಕೆ ಒಳ್ಳೆಯ ವೇಗವಲ್ಲ. “ನಂಗೂ ಹಾಗೇ,” ಅಂದೆ. ನಾನೇ ಕೈ ಚಾಚಿ ಅವನ ಕೈ ಹಿಡಿದೆ. ಗಾಯ ಉರಿದರೂ ಬಿಡಲಿಲ್ಲ.

ಅಷ್ಟರಲ್ಲಿ ಅಣ್ಣ ಛತ್ರಿ ಹಿಡಿದು ವಾಪಸ್ ಬಂದ. ನಮ್ಮ ಕೈಗಳನ್ನು ನೋಡಿದ. ಅವನ ಮುಖ ಹುಳ್ಳಗಾಯಿತು.

“ಏನಿದು?”

“ನಾನು ಇವರನ್ನ ಮದುವೆ ಆಗ್ತೀನಿ ಅಣ್ಣ.”

“ತಲೆ ಕೆಟ್ಟಿದ್ಯಾ? ಕಾರಲ್ಲಿ ಕೂತಿರೋರಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನೀನು ಹೇಳ್ಬೇಡ. ನಾನೇ ಹೇಳ್ತೀನಿ.”

ಬೋಟಿನಿಂದ ಜೆಟ್ಟಿಗೆ ಹಾರಿದೆ. ಅಣ್ಣನ ಛತ್ರಿಯ ಕೆಳಗೆ ಹೋಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿದ್ದೆ, ಹಿಂದಿನಿಂದ ಬೋಟಿನವನ ದನಿ ಕೇಳಿಸಿತು.

“ನಾನೂ ಬರ್ಲಾ?”

ತಿರುಗಿ ನೋಡಿದೆ. ನೆನೆದು ತೊಪ್ಪೆಯಾಗಿ ನಿಂತಿದ್ದ, ನನ್ನ ಉತ್ತರಕ್ಕೆ ಕಾಯುತ್ತಾ.

“ಬನ್ನಿ,” ಅಂದೆ. “ಪಕ್ಕದಲ್ಲಿ ನಿಂತ್ಕೊಳ್ಳಿ. ಮಾತಾಡೋದು ನಾನು.”