ಅಂಚಿಗೆ ಅಂಟಿದ ಹುಲ್ಲಿನ ಮುಳ್ಳು

“ಫೋನ್ ಈ ಬುಟ್ಟಿಗೆ ಹಾಕ್ರಿ.”

ತ್ರಿವೇಣಿ ಫೋನನ್ನು ಎದೆಗೊತ್ತಿಕೊಂಡಳು. “ಯಾಕೆ? ಯಾರಿಗೆ ಮೆಸೇಜ್ ಮಾಡ್ತೀನಿ ಅಂತ ನೋಡೋಕಾ?”

ಬುಟ್ಟಿ ಹಿಡಿದಿದ್ದ ಸೀನಿಯರ್ ಸಿದ್ದಲಿಂಗೇಶ್ ನಕ್ಕುಬಿಟ್ಟ. “ಒಂದು ಗಂಟೆ ಫೋನ್ ಇಲ್ದೆ ನಡೀಬೇಕು ರೀ, ಅಷ್ಟೇ! ನೀವು ರಾಂಪುರದ ಜಯದೇವಪ್ಪನೋರ ಮಗಳಲ್ವಾ? ನಮ್ದೂ ಅದೇ ಊರು.”

ನಾನು ಯಾರ ಮಗಳಾದರೆ ಇವನಿಗೇನು?

ಚಳ್ಳಕೆರೆ ಹಾಸ್ಟೆಲಿನಲ್ಲಿ ತಿಂಗಳಿಂದ ಅವಳಿಗೆ ತಲೆನೋವು, ನಿದ್ದೆಯಿರಲಿಲ್ಲ. ವಿದ್ಯಾರ್ಥಿಗಳು ಕೋಣೆ ಬಿಟ್ಟು ಹೊರಬರಲೆಂದು ಕಾಲೇಜಿನವರು ಪ್ರತಿ ಶುಕ್ರವಾರ ಸಂಜೆ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ನಡಿಗೆಗೆ ಕರೆದೊಯ್ಯುತ್ತಿದ್ದರು. ಹುಡುಗರ ಜೊತೆ ಸುತ್ತುತ್ತಾಳೆಂದು ಅಪ್ಪನಿಗೆ ಗೊತ್ತಾದರೆ ಓದು ಅಲ್ಲಿಗೇ ಮುಗಿಯಿತು! ಮನೆಯಲ್ಲಿ ‘ಲೈಬ್ರರಿ’ ಎಂದು ಸುಳ್ಳು ಹೇಳಿದ್ದಳು.

ಆದರೆ ಆ ಗಾಳಿ, ಆ ಹುಲ್ಲು... ನಾಲ್ಕನೇ ವಾರಕ್ಕೆ ತಲೆನೋವು ಮಾಯ. ಮಲಗಿದರೆ ಸಾಕು, ನಿದ್ದೆ!

ಮುಂದೆ ನಡೆಯುವ ಸಿದ್ದಲಿಂಗೇಶ್ ಮಾತ್ರ ಆಗಾಗ ತಿರುಗಿ ನೋಡುತ್ತಿದ್ದ. ನನ್ನ ಮೇಲೆ ಕಣ್ಣಿಡಲು ಅಪ್ಪನೇ ಇವನನ್ನು ಬಿಟ್ಟಿರಬಹುದಾ? ಆ ನೋಟ ತನಗೆ ಇಷ್ಟವಾಗುತ್ತಿದೆ ಎಂಬುದೇ ಅವಳಿಗೆ ಇನ್ನೊಂದು ಭಯ.

ಶನಿವಾರ ಊರಿಗೆ ಹೋದಾಗ ಅವ್ವ ದ್ರಾಕ್ಷಾಯಣಮ್ಮ ಬಟ್ಟೆ ಒಗೆಯುತ್ತಾ ಕೇಳಿಯೇಬಿಟ್ಟಳು. “ಕಾವಲು ಸುತ್ತೋಕೆ ಹೋಗ್ತೀಯೇನೇ?”

ತ್ರಿವೇಣಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಅವನೇ! ಇನ್ಯಾರು ಹೇಳಿಯಾರು?

“ಚಾಡಿ ಹೇಳಿ ಏನ್ ಸಿಕ್ತು ನಿಮ್ಗೆ?” ಸೋಮವಾರ ಕಾಲೇಜಿನಲ್ಲಿ ಅವನನ್ನು ಅಡ್ಡಗಟ್ಟಿ ಕೇಳಿದಳು.

“ನಾನಾ? ಯಾರಿಗೆ?” ಸಿದ್ದಲಿಂಗೇಶನ ಮುಖ ಬಾಡಿತು.

ಅವಳು ತಿರುಗಿಯೂ ನೋಡಲಿಲ್ಲ. ಎರಡು ಶುಕ್ರವಾರ ಕೋಣೆಯಲ್ಲೇ ಕೂತಳು. ನಿದ್ದೆಯೂ ಹೋಯಿತು, ನೆಮ್ಮದಿಯೂ ಹೋಯಿತು.

ಮತ್ತೆ ಊರಿಗೆ ಬಂದಾಗ ಅವ್ವ ಅವಳ ಮುಖ ಹಿಡಿದು ನೋಡಿದಳು. “ಕಣ್ಣು ಗುಳಿ ಬಿದ್ದಾವಲ್ಲೇ! ಕಾವಲಿಗೆ ಹೋಗೋದು ಬಿಟ್ಯಾ?”

“ನಿಂಗೆ ಅದನ್ನ ಹೇಳಿದ್ದು ಯಾರವ್ವಾ?”

“ಯಾರು ಹೇಳ್ಬೇಕು? ನಿನ್ ಪ್ಯಾಂಟಿನ ಅಂಚು ತುಂಬಾ ಹುಲ್ಲಿನ ಮುಳ್ಳು! ಕುರಿ ಮೈಯಿಂದ ದಿನಾ ಅದನ್ನೇ ಕಿತ್ತೋಳು ನಾನು. ಕಾವಲು ಬಿಟ್ರೆ ಲೈಬ್ರರೀಲಿ ಅಂಟ್ತೈತಾ?” ಅವ್ವ ನಕ್ಕಳು. “ನಿಮ್ಮಪ್ಪನ ಹತ್ರ ಮಾತಾಡೀನಿ. ಮಗಳು ಚೆನ್ನಾಗಿ ನಿದ್ದೆ ಮಾಡೋದಾದ್ರೆ ಹೋಗ್ಲಿ ಅಂದ್ರು.”

ಅಯ್ಯೋ... ಏನೂ ಮಾಡದವನಿಗೆ ಎಂಥ ಮಾತಂದೆ!

ಶುಕ್ರವಾರ ಎಲ್ಲರಿಗಿಂತ ಮೊದಲು ಅವಳ ಫೋನೇ ಬುಟ್ಟಿಗೆ ಬಿತ್ತು.

“ತಪ್ಪಾಯ್ತು... ಹೇಳಿದ್ದು ನೀವಲ್ಲ. ಪ್ಯಾಂಟಿಗೆ ಅಂಟಿದ ಮುಳ್ಳು ನೋಡಿ ಅವ್ವಂಗೇ ಗೊತ್ತಾಗಿತ್ತು.”

“ನಾನ್ಯಾಕೆ ಹೇಳ್ಲಿ? ಹೇಳಿದ್ರೆ ನೀವು ಬರೋದೇ ನಿಂತೋಗ್ತಿತ್ತು. ಎರಡು ವಾರ ನೀವಿಲ್ದೆ ನಡೆದೆ. ನಂಗೇ ನಿದ್ದೆ ಬರ್ಲಿಲ್ಲ, ತ್ರಿವೇಣಿ.”

ಅವಳ ಕಣ್ಣು ತುಂಬಿತು. “ಮತ್ತೆ ತಿರುಗಿ ತಿರುಗಿ ನೋಡ್ತಿದ್ದಿದ್ದು?”

“ಇವತ್ತಾದ್ರೂ ನಗ್ತೀರಾ ಅಂತ.”

ಅವಳು ನಕ್ಕಳು. ಸಂಜೆ ವಾಪಸು ಬರುವಾಗ ಅವನು ಅವಳ ಪ್ಯಾಂಟಿನ ಅಂಚು ನೋಡಿ ಗಾಬರಿಯಾದ.

“ಮುಳ್ಳು ಕಿತ್ತು ಹಾಕ್ಲಾ? ಅವ್ವಂಗೆ ಗೊತ್ತಾಗ್ತೈತೆ!”

“ಬೇಡ, ಇರ್ಲಿ. ಯಾರ ಜೊತೆ ನಡೆದೆ ಅನ್ನೋದನ್ನ ಮಾತ್ರ ನಾನೇ ಹೇಳ್ತೀನಿ.”