ನೀರಿಗೆ ಎಟುಕದ ಕೈ

"ಆ ಎತ್ತರದ ದೋಣಿ ನಮ್ಮ ದಡಕ್ಕೆ ಬಂದ್ರೆ, ಅವತ್ತಿಂದ ಇವಳ ಕೈಯ್ಯಿಂದ ಒಂದು ತುತ್ತು ಅನ್ನ ಮುಟ್ಟಕಿಲ್ಲ ಕಣ್ಲಾ ಸೋಮ!"

ಸುನಂದಮ್ಮ ತಟ್ಟೆ ತಳ್ಳಿದ ರಭಸಕ್ಕೆ ಮುದ್ದೆ ಜಾರಿ ನೆಲಕ್ಕೆ ಬಿತ್ತು. ಸೊಸೆ ಭಾಗ್ಯ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. ಮಗ ಸೋಮಶೇಖರ ತನ್ನ ತಟ್ಟೆಯಿಂದ ತಲೆ ಎತ್ತಲಿಲ್ಲ. ನಲವತ್ತೈದು ದಾಟಿದ ಗಂಡಸು, ಊರಿನ ಮುಂದೆ ನಾಲ್ಕು ಮಾತು ಆಡಬಲ್ಲವನು, ತಾಯಿಯ ದನಿ ಏರಿತೆಂದರೆ ಮಾತ್ರ ಮೂಗನಾಗಿಬಿಡುತ್ತಿದ್ದ. ಭಾಗ್ಯಳಿಗೆ ಅತ್ತೆಯ ಮೇಲಿನ ಸಿಟ್ಟಿನಲ್ಲಿ ಅರ್ಧ ಪಾಲು ಗಂಡನ ಮೇಲೂ ಇತ್ತು.

"ಯಾಕತ್ತೆ? ಯಾಕೆ ಬ್ಯಾಡ ಅಂತ ಒಂದು ಕಾರಣನಾದ್ರೂ ಹೇಳಿ!"

"ಕಾರಣ ಗೀರಣ ಏನೂ ಇಲ್ಲ. ತಗ್ಗಿನದೇ ಬೇಕು."

"ಗಾಳಿ ಎದ್ರೆ ಅದರೊಳಕ್ಕೆ ನೀರು ನುಗ್ತದೆ ಕಣತ್ತೆ. ಹೋದ ವರ್ಷ ಆಗಿದ್ದು ಇಷ್ಟು ಬೇಗ ಮರೆತೋಯ್ತಾ ನಿಮಗೆ?"

"ನನ್ ಮಗನ ವಿಚಾರವ ನಂಗೇ ಹೇಳ್ಕೊಡಬ್ಯಾಡ ಕಣಮ್ಮಿ."

ಮರೆಯುವಂಥದ್ದೇ ಅದು? ಹೋದ ಆಷಾಢದ ಗಾಳಿಗೆ ಕಬಿನಿ ಹಿನ್ನೀರಿನ ನಟ್ಟನಡುವೆ ಸೋಮಶೇಖರನ ತೆಪ್ಪ ಮಗುಚಿತ್ತು. ತಾನೇ ಬಿಟ್ಟ ಮೀನುಬಲೆ ಕಾಲಿಗೆ ಸುತ್ತಿಕೊಂಡು ಮುಳುಗುತ್ತಿದ್ದವನನ್ನು ಪಕ್ಕದ ತೆಪ್ಪದವರು ಕೂದಲು ಹಿಡಿದು ಮೇಲೆಳೆದಿದ್ದರು. ದಡದಲ್ಲಿ ಮಗ್ಗುಲಿಗೆ ಹೊರಳಿಸಿದಾಗ ಅವನ ಬಾಯಿಂದ ಬಂದ ನೀರು ಭಾಗ್ಯಳ ಮಡಿಲನ್ನೆಲ್ಲ ತೋಯಿಸಿತ್ತು. ಅಂದಿನಿಂದ ಅವನು ನೀರಿಗಿಳಿದ ದಿನವೆಲ್ಲ ಅವಳ ಜೀವ ಅಂಗೈಯಲ್ಲಿ. ಒಲೆಯ ಮೇಲೆ ಅನ್ನಕ್ಕಿಟ್ಟು ದಡಕ್ಕೆ ಓಡುತ್ತಿದ್ದಳು, ದೂರದಲ್ಲಿ ತೆಪ್ಪ ಕಂಡ ಮೇಲೆಯೇ ಹಿಂದಿರುಗುತ್ತಿದ್ದಳು. ಅಷ್ಟರಲ್ಲಿ ಅನ್ನ ತಳ ಹಿಡಿದಿರುತ್ತಿತ್ತು. ಈ ತೆಪ್ಪದ ಸಹವಾಸವೇ ಸಾಕು, ಜೋಡಿ ಎತ್ತು ಮಾರಿಯಾದರೂ ಮೋಟಾರು ದೋಣಿ ತರೋಣ ಎಂದು ಹಟ ಹಿಡಿದವಳೂ ಅವಳೇ.

ಬೀಚನಹಳ್ಳಿಯಲ್ಲಿ ಹಳೆಯ ದೋಣಿಗಳನ್ನು ರಿಪೇರಿ ಮಾಡಿ ಮಾರುವ ಉಮಾಶಂಕರನ ಹತ್ತಿರ ಎರಡು ಅಲ್ಯೂಮಿನಿಯಂ ದೋಣಿಗಳಿದ್ದವು. ಎರಡಕ್ಕೂ ಹಿಂದುಗಡೆ ಮೋಟಾರು. ಒಂದು ಕಿರಿದು, ಹಗುರ, ಅದರ ಅಂಚು ತಗ್ಗು, ಪೆಟ್ರೋಲು ಕುಡಿಯುವುದೂ ಕಡಿಮೆ. ಇನ್ನೊಂದು ಅಗಲ, ಅಂಚು ಮೊಣಕಾಲಿಗಿಂತ ಎತ್ತರ. ಉಮಾಶಂಕರ ಎರಡನ್ನೂ ನೀರಿಗಿಳಿಸಿ, ತನ್ನ ಕೆಲಸದವರನ್ನೆಲ್ಲ ಎತ್ತರದ್ದರ ಒಂದೇ ಪಕ್ಕಕ್ಕೆ ನಿಲ್ಲಿಸಿ ತೋರಿಸಿದ್ದ. ಅದು ವಾಲಿತೇ ಹೊರತು ಮಗುಚಲಿಲ್ಲ. ಅದನ್ನು ಕಂಡಾಗಲೇ ಭಾಗ್ಯಳ ಎದೆಯಿಂದ ವರ್ಷದ ಭಾರ ಇಳಿದಿತ್ತು.

ಆದರೆ ಅಂದು ಸುನಂದಮ್ಮನೂ ಜೊತೆಗೆ ಬಂದಿದ್ದಳು. ಎಪ್ಪತ್ತು ದಾಟಿದ ಮುದುಕಿ ಯಾರ ಕೈಯನ್ನೂ ಹಿಡಿಯದೆ ತಗ್ಗಿನ ದೋಣಿ ಹತ್ತಿ ಕುಳಿತು, ಪಕ್ಕಕ್ಕೆ ಬಾಗಿ ನೀರಿನಲ್ಲಿ ಕೈ ಅದ್ದಿದಳು. ಆಮೇಲೆ ಎತ್ತರದ ದೋಣಿಗೆ ಹತ್ತಿ ಅಲ್ಲಿಯೂ ಹಾಗೆಯೇ ಮಾಡಿದಳು. ಕೈ ನೀರಿಗೆ ಎಟುಕಲಿಲ್ಲ. "ಇದು ಬ್ಯಾಡ" ಎಂದು ಇಳಿದುಬಿಟ್ಟಳು. ಅಷ್ಟೇ ಪರೀಕ್ಷೆ! ಎಲೆಅಡಿಕೆ ಹಾಕಿಕೊಂಡು ಕೈ ತೊಳೆಯಲು ಅನುಕೂಲವಾಗಲಿ ಎಂದು ಮಗನ ಜೀವವನ್ನೇ ಪಣಕ್ಕಿಡುವ ತಾಯಿಯೂ ಇರುತ್ತಾಳೆಯೇ? ಭಾಗ್ಯ ಇದನ್ನು ಬಾಯಿಬಿಟ್ಟು ಅಂದೇಬಿಟ್ಟಳು. ಸುನಂದಮ್ಮ ಸೆರಗು ಕೊಡವಿಕೊಂಡು ಮನೆಯ ದಾರಿ ಹಿಡಿದಳು.

ತಟ್ಟೆ ತಳ್ಳಿದ ರಾತ್ರಿಯ ಮಾರನೆಯ ದಿನ ಗಂಡ ಹೆಂಡತಿ ಇಬ್ಬರೇ ಬೀಚನಹಳ್ಳಿಗೆ ಹೋದರು. ಸೋಮಶೇಖರ ಎರಡೂ ದೋಣಿಗಳನ್ನು ಸುತ್ತಿ ಸುತ್ತಿ ನೋಡಿದ, ತಲೆ ಕೆರೆದುಕೊಂಡ, ಬೀಡಿ ಹಚ್ಚಿದ.

"ಯಾವುದು ಅಂತ ಹೇಳಿ ಸೋಮಣ್ಣ. ಇನ್ನೊಂದನ್ನ ಸಾಯಂಕಾಲವೇ ಕೇರಳದವರು ತಗೊಂಡೋಗ್ತಾರೆ" ಎಂದ ಉಮಾಶಂಕರ.

"ಅವ್ವ ಅಂಗಂತಾಳೆ... ಇವಳು ಇಂಗಂತಾಳೆ..."

"ನೀವು ಏನಂತೀರಿ? ನೀರಿಗೆ ಬಿದ್ದೋರು ನೀವು ಕಣ್ರೀ!" ಎಂದಳು ಭಾಗ್ಯ. ಗಂಡ ಬೀಡಿಯ ತುದಿಯನ್ನೇ ನೋಡಿದ. ಇನ್ನು ಕಾದು ಫಲವಿಲ್ಲವೆಂದು ಅವಳು ತಾನೇ ಮುಂದೆ ಹೋಗಿ ಎತ್ತರದ ದೋಣಿಯ ಮೇಲೆ ಕೈಯಿಟ್ಟಳು. "ಇದು ಕಣಣ್ಣ. ಇದಕ್ಕೇ ಅರಿಶಿನ ಕುಂಕುಮ ಹಚ್ಚಿ."

ಸುನಂದಮ್ಮ ಮಾತು ಉಳಿಸಿಕೊಂಡಳು. ಅಂದಿನಿಂದ ಸೊಸೆ ಬಡಿಸಿದ್ದನ್ನು ಮುಟ್ಟದೆ, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತಾನೇ ಗಂಜಿ ಕಾಯಿಸಿಕೊಂಡಳು. ಬೇಲಿಯಾಚೆಯಿಂದ ಹೊಗೆ ನೋಡಿದ ಊರವರು ಭಾಗ್ಯಳನ್ನು ಆಡಿಕೊಂಡರು. ಅತ್ತೆಯ ಈ ಕಲ್ಲು ಮನಸ್ಸು ಅವಳಿಗೆ ಹೊಸದೇನೂ ಆಗಿರಲಿಲ್ಲ. ಮಗಳು ಸೌಂದರ್ಯ ಹುಟ್ಟಿದಾಗ ಎದೆಹಾಲು ಸಾಲದೆ, ಅತ್ತೆಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ಒಳಲೆಯನ್ನು ಅವಳು ಕೈಗೆತ್ತಿಕೊಂಡಿದ್ದಳು. ಕೂಸಿನ ತುಟಿಗೆ ಮೂತಿಯಿಟ್ಟು ಹನಿಹನಿಯಾಗಿ ಹಾಲು ಕುಡಿಸುವ ಪುಟ್ಟ ಬಟ್ಟಲು ಅದು. "ಮುಟ್ಬ್ಯಾಡ ಅದ!" ಎಂದು ಸುನಂದಮ್ಮ ಬಾಣಂತಿಯ ಕೈಯಿಂದ ಅದನ್ನು ಕಿತ್ತುಕೊಂಡಿದ್ದಳು. ಹಸಿವಿನಿಂದ ಅಳುವ ಕೂಸಿಗೆ ಭಾಗ್ಯ ಬಟ್ಟೆಯ ತುದಿಯನ್ನು ಹಾಲಿಗದ್ದಿ ಚೀಪಿಸಿದ್ದಳು. ಆ ಸಂಕಟ ಇಪ್ಪತ್ತು ವರ್ಷವಾದರೂ ಅವಳೊಳಗೆ ಆರಿರಲಿಲ್ಲ.

ಗೌರಿ ಹಬ್ಬ ಬಂತು. ಹಬ್ಬದ ದಿನ ಸುನಂದಮ್ಮ ತೆಪ್ಪದಲ್ಲಿ ಹಿನ್ನೀರಿನ ನಡುವಿನ ಒಣಮರದವರೆಗೆ ಹೋಗಿಬರುವುದು ಎಂದಿನ ಪದ್ಧತಿ. ಅಣೆಕಟ್ಟು ಕಟ್ಟಿದಾಗ ಅವರ ಹಳೆಯ ಊರು ಮುಳುಗಿದ್ದು ಅಲ್ಲೇ. ಮೊದಲು ಗಂಡ ಕರೆದೊಯ್ಯುತ್ತಿದ್ದ, ಅವನು ಹೋದ ಮೇಲೆ ಮಗ. ಮರದ ಹತ್ತಿರ ಬಂದಾಗ "ಆ ಕಡೆ ತಿರುಕ್ಕೊಳ್ಲಾ" ಎನ್ನುವಳು, ಮಗ ತಿರುಗಿಕೊಳ್ಳುವನು. ಗಂಗಮ್ಮನಿಗೆ ಬಾಗಿನ ಬಿಡುತ್ತಾಳೆಂದೇ ಮನೆಯವರೆಲ್ಲ ತಿಳಿದಿದ್ದರು. ಈ ಸಲ ಸೋಮಶೇಖರ ಪಿರಿಯಾಪಟ್ಟಣಕ್ಕೆ ಕೊಟ್ಟ ಮಗಳನ್ನು ಹಬ್ಬಕ್ಕೆ ಕರೆತರಲು ಬೆಳಿಗ್ಗೆಯೇ ಹೋಗಿದ್ದ. ಹಳೆಯ ತೆಪ್ಪ ಗೋಡೆಗೆ ಒರಗಿ ಒಡೆದು ನಿಂತಿತ್ತು. ಸುನಂದಮ್ಮ ಮಡಿಲಲ್ಲಿ ಗಂಟಿಟ್ಟುಕೊಂಡು ದಡದಲ್ಲಿ ನಿಂತಿದ್ದಳು. ಕರೆದುಕೊಂಡು ಹೋಗು ಎಂದು ಕೇಳಲಿಲ್ಲ, ಮನೆಗೂ ಹೋಗಲಿಲ್ಲ.

"ಹತ್ತಿ" ಎಂದಳು ಭಾಗ್ಯ. ಅವಳೂ ಈ ದಿನಗಳಲ್ಲಿ ದೋಣಿ ಓಡಿಸಲು ಕಲಿತಿದ್ದಳು. ಮೋಟಾರಿನ ಹಗ್ಗವನ್ನು ಸಿಟ್ಟಿನಿಂದಲೇ ಎಳೆದಳು. 

ಒಣಮರದ ಹತ್ತಿರ ಮೋಟಾರು ನಿಲ್ಲಿಸಿದಳು. "ಆ ಕಡೆ ತಿರುಕ್ಕೊ" ಎಂದಳು ಅತ್ತೆ. ಭಾಗ್ಯ ತಿರುಗಿ ಕುಳಿತಳು. ಸೀರೆಯ ಸದ್ದು, ಬಳೆಯ ಸದ್ದು, ಏದುಸಿರು... ಮತ್ತೆ ಏದುಸಿರು... ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ತಾಳಲಾರದೆ ತಿರುಗಿದಳು. ಸುನಂದಮ್ಮ ಎತ್ತರದ ಅಂಚಿಗೆ ಎದೆ ಒತ್ತಿ ಕೈಯನ್ನು ಆದಷ್ಟೂ ಕೆಳಗೆ ಚಾಚಿದ್ದಳು. ಬೆರಳುಗಳು ನೀರಿನಿಂದ ಒಂದು ಗೇಣು ಮೇಲೆಯೇ ನಿಂತುಬಿಟ್ಟಿದ್ದವು. ಆ ಬೆರಳುಗಳಲ್ಲಿದ್ದದ್ದು ಅದೇ ಬೆಳ್ಳಿಯ ಒಳಲೆ! ಅದರ ತುಂಬ ಹಾಲು.

ಹಳೆಯ ಸಿಟ್ಟೆಲ್ಲ ಭಾಗ್ಯಳ ನಾಲಿಗೆಗೆ ಬಂತು. "ಸುರಿದುಬುಡಿ ಅತ್ತೆ! ಮೇಲಿಂದ ಸುರಿದ್ರೆ ಗಂಗಮ್ಮ ಏನು ಬ್ಯಾಡ ಅಂತಾಳಾ?"

"ಅಂಗೆ ಸುರಿದ್ರೆ ಕೂಸಿಗೆ ನೆತ್ತಿ ಹತ್ತಕಿಲ್ವೇನೇ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಸುನಂದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದೋಣಿ ನಿಧಾನವಾಗಿ ತೂಗಾಡುತ್ತಿತ್ತು.

"ಯಾವ... ಯಾವ ಕೂಸತ್ತೆ?"

"ಸೋಮನ ಅಕ್ಕ..." ಮುದುಕಿಯ ದನಿ ಒಡೆಯಿತು. "ಜ್ವರ ಬಂದು ಹೋಯ್ತು ಕಣಮ್ಮಿ, ಇನ್ನೂ ಹಲ್ಲು ಬಂದಿರ್ನಿಲ್ಲ. ಈ ಮರದ ಬುಡದಲ್ಲೇ ಮಣ್ಣು ಮಾಡುದ್ವಿ. ಆಮೇಲೆ ನೀರು ಬಂತು... ಎತ್ತು, ಪಾತ್ರೆ, ಬಾಗಿಲು, ಎಲ್ಲಾನೂ ಗಾಡಿಗೆ ಹಾಕ್ಕೊಂಡ್ವಿ. ಇವಳನ್ನ ಎತ್ಕೊಂಡೋಗಾಣ ಅಂದೆ. ಗಂಡಸ್ರು ಯಾರೂ ಕೇಳ್ನಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಗೌರಿಗೆ ತವರಿಗೆ ಬತ್ತಾರೆ. ಇವಳು ಬರಕ್ಕಾಯ್ತದಾ? ಅದಕ್ಕೇ ನಾನೇ ಬತ್ತೀನಿ."

"ಮಗನಿಗೂ ಹೇಳ್ನಿಲ್ವಲ್ಲ ಅತ್ತೆ..."

"ಹೋದ ಕೂಸಿನ ಸುದ್ದಿ ಇರೋ ಕೂಸಿನ ಕಿವಿಗೆ ಬೀಳಬಾರದು, ಇದಕ್ಕೂ ಕೇಡು ಅಂತ ನಮ್ಮತ್ತೆ ಆಣೆ ಹಾಕ್ಸಿದ್ರು. ನಿನ್ ಮಗೀಗೂ ಈ ಒಳಲೆ ತಾಗಿಸ್ಬಾರದು ಅಂತ ಕಿತ್ಕೊಂಡೆ. ಭಯ ಕಣಮ್ಮಿ..."

ಭಾಗ್ಯಳಿಗೆ ಅಳು ಬಂತು, ಅದರ ಜೊತೆಗೇ ಕೋಪವೂ ಉಕ್ಕಿ ಬಂತು. "ಒಂದು ಮಾತು! ಒಂದೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅತ್ತೆ? ಯಾಕೆ ಯಾಕೆ ಅಂತ ಬಾಯಿ ಬಡ್ಕೊಂಡೆ. ಎಲೆಅಡಿಕೆ ಅಂತ ಬಾಯಿಗೆ ಬಂದಂಗೆ ಅಂದೆ. ನೀವು ಅನ್ನ ಬಿಟ್ರಿ, ಬಾಯಿ ಬಿಡ್ನಿಲ್ಲ!" ಎಂದು ಅಂಗೈಯಿಂದ ದೋಣಿಯ ಅಂಚನ್ನು ಬಡಿದಳು. ತಾನೇ ಆರಿಸಿದ ಅಂಚು. ತಗ್ಗಿನ ದೋಣಿ ಈಗ ಕೇರಳದ ಯಾವ ನೀರಿನಲ್ಲಿದೆಯೋ! ಗಂಡನಿಗಾಗಿ ಮತ್ತೆ ಆರಿಸಬೇಕಾಗಿ ಬಂದರೂ ಇದನ್ನೇ ಆರಿಸುತ್ತಿದ್ದಳು. ಆ ನಿಜವೇ ಅವಳನ್ನು ಇನ್ನಷ್ಟು ಅಳಿಸಿತು.

ಕಣ್ಣೊರೆಸಿಕೊಂಡು ಎದ್ದು ಬಂದಳು. ಅತ್ತೆಯ ಹಿಂದೆ ಮಂಡಿಯೂರಿ, ಎರಡೂ ಕೈಗಳಿಂದ ಅವಳ ಸೊಂಟವನ್ನು ಬಿಗಿಯಾಗಿ ತಬ್ಬಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮೈಯನ್ನು ಅವಳು ಎಂದೂ ತಬ್ಬಿರಲಿಲ್ಲ. ಗಂಜಿ ಕುಡಿದೂ ಕುಡಿದೂ ಸೊರಗಿದ್ದ ಮೈ.

"ಬಗ್ಗಿ ಅತ್ತೆ. ನಾನು ಹಿಡ್ಕೊಂಡಿವ್ನಿ."

"ಬಿದ್ದೋಯ್ತೀವಿ ಕಣೇ!"

"ಇದು ಮಗುಚಾಕಿಲ್ಲ. ಅದಕ್ಕೇ ಅಲ್ವಾ ತಂದಿದ್ದು? ಬಗ್ಗಿ."

ಇಬ್ಬರ ಭಾರವೂ ಒಂದೇ ಪಕ್ಕಕ್ಕೆ ಬಿತ್ತು. ದೋಣಿ ವಾಲಿತು, ಇನ್ನಷ್ಟು ವಾಲಿತು, ಅಲ್ಲಿಗೆ ನಿಂತಿತು. ತಗ್ಗಿನ ದೋಣಿಯಾಗಿದ್ದರೆ ಇಬ್ಬರೂ ಆ ಹೊತ್ತಿಗೆ ನೀರಿನಲ್ಲಿರುತ್ತಿದ್ದರು. ಒಳಲೆಯ ಮೂತಿ ನೀರನ್ನು ಮುಟ್ಟಿತು. ಬೆಳ್ಳಗೆ ಒಂದು ಎಳೆ ಹಾಲು ನೀರಿನೊಳಗೆ ಇಳಿಯಿತು. "ಮೆಲ್ಲಗೆ ನನ್ನವ್ವ... ಮೆಲ್ಲಗೆ..." ಎನ್ನುತ್ತಿದ್ದಳು ಸುನಂದಮ್ಮ. ಭಾಗ್ಯಳ ತೋಳು ಸೆಳೆಯುತ್ತಿತ್ತು, ಮೊಣಕಾಲು ಉರಿಯುತ್ತಿತ್ತು. ಹಾಲು ಮುಗಿಯುವವರೆಗೂ ಅವಳು ಕೈ ಸಡಿಲಿಸಲಿಲ್ಲ.

ಸುನಂದಮ್ಮ ಮೇಲೆದ್ದು ಒಳಲೆಯನ್ನು ಸೆರಗಿನಲ್ಲಿ ಒರೆಸಿ, ಗಂಟು ಕಟ್ಟಿ, ಮಡಿಲಲ್ಲಿಟ್ಟುಕೊಂಡಳು. ಬಹಳ ಹೊತ್ತು ಒಣಮರವನ್ನೇ ನೋಡಿದಳು.

"ಹಾಳು ದೋಣಿ, ಎತ್ತರವೇ" ಎಂದಳು ಕೊನೆಗೆ. "ಬರೋ ವರ್ಷವೂ ನೀನೇ ಹಿಡ್ಕೋಬೇಕು."

ಭಾಗ್ಯ ಹೂಂ ಎಂದಳು. ಮೋಟಾರಿನ ಹಗ್ಗ ಎಳೆದಳು, ಹತ್ತಲಿಲ್ಲ. ಕಣ್ಣೀರಿನಲ್ಲಿ ಹಿಡಿ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆ ದಡದ ಕಡೆ ತಿರುಗಿ ಕುಳಿತಳು.

"ಬಿರ್ರನೆ ಎಳಿಯೇ. ಮನೇಲಿ ನಿನ್ ಮಗಳು ಬಂದಿರ್ತಾಳೆ. ಕಾಯಿಸ್ಬ್ಯಾಡ."