ಪದಗಳ ನಡುವಿನ ಕೆಮ್ಮು

ಶಿಕಾರಿಪುರದ ನಮ್ಮ ಮನೆಯಲ್ಲೇ ನಾನು ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಸೊರಬದ ಜಗದಾಂಬ ಒಂದು ಭಜನೆ ಕ್ಯಾಸೆಟ್ ತಂದುಕೊಟ್ಟಿದ್ದರು. ಅದರಲ್ಲಿ ಪ್ರತಿ ಭಜನೆ ಪದ ಮುಗಿದಾಗಲೂ ಮೈಕಿನ ಹತ್ತಿರವೇ ಯಾರೋ ಕೆಮ್ಮುತ್ತಿದ್ದರು. ಕೇಳಲು ಚೆನ್ನಾಗಿರಲಿ ಎಂದು ಅದನ್ನೆಲ್ಲ ಅಳಿಸಿದೆ.

ಕೇಳಿಸಿಕೊಂಡ ಜಗದಾಂಬರ ಮುಖ ಬಾಡಿತು. "ಕೆಮ್ಮು ಯಾಕ್ ತೆಗೆದ್ರಿ? ನಮ್ಮಪ್ಪಂದು ಅಂತ ಉಳಿದಿದ್ದು ಅದೊಂದೇ."

"ಅವರೂ ಭಜನೆಗೆ ಕೂತಿದ್ರಾ?"

"ಇಲ್ಲ ರೀ. ಅವರು ತೀರ್ಕೊಂಡ ರಾತ್ರಿ ದೇಹಕ್ಕೆ ಹಾರ ಹಾಕಿ ಕೂರಿಸಿದ್ವಲ್ಲ, ಆಗ ಅವರ ಮುಂದೆ ಮಾಡಿದ ಭಜನೆ ಅದು. ಟೇಪ್‌ರೆಕಾರ್ಡರ್ ಅವರ ತೊಡೆ ಪಕ್ಕದಲ್ಲೇ ಇಟ್ಟಿದ್ವಿ."

ಅಳಿಸಿದ್ದು ಕಂಪ್ಯೂಟರಿನಲ್ಲಷ್ಟೆ, ಕ್ಯಾಸೆಟ್ಟಿನಲ್ಲಿ ಹಾಗೇ ಇರುತ್ತದೆ ಎಂದು ಸಮಾಧಾನ ಹೇಳಿ, ಅವರೆದುರೇ ಆ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ.

ತಾಳ, ಹಾರ್ಮೋನಿಯಂ, ದನಿಗಳು, ಎಲ್ಲವೂ ಇದ್ದವು. ಪದ ಮುಗಿಯಿತು. ಜಗದಾಂಬ ಮುಂದೆ ಬಾಗಿ ಕಾದರು.

ಯಾರೂ ಕೆಮ್ಮಲಿಲ್ಲ.